ಟೈ ಕೆಳಗಿಳಿದ ಕಥೆ: ಮುಂಬಯಿ ಆಫೀಸಿನ ಉಡುಪು

ಮುಂಬಯಿಯ ಹೊಸ ವ್ಯಾಪಾರ ಕೇಂದ್ರವಾದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಯಾವುದಾದರೂ ಗಾಜಿನ ಕಟ್ಟಡದ ಬಾಗಿಲಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ. ಟೈ ಕಟ್ಟಿ ಸೆಲ್ಯೂಟ್ ಹೊಡೆಯುವವನು ಸೆಕ್ಯುರಿಟಿ. ಸೋಫಾದ ತುದಿಯಲ್ಲಿ ಕೂತ ಇನ್ನೊಂದು ಟೈ, ಬ್ಯಾಂಕಿನ ಸಾಲ ಮಾರಲು ಬಂದ ಹುಡುಗನದು. ಜೀನ್ಸ್, ಟೀ ಶರ್ಟಲ್ಲಿ ಲಿಫ್ಟ್ ಹತ್ತಿ ಹೋದವರು? ಬಹುಶಃ ಕಂಪನಿಯ ಯಜಮಾನರು. ನೂರು ವರ್ಷದ ಹಿಂದೆ ಇದೇ ಊರಿನ ಹಳೇ ವ್ಯಾಪಾರ ಕೇಂದ್ರವಾದ ಫೋರ್ಟಿನಲ್ಲಿ ಇದೆಲ್ಲ ಉಲ್ಟಾ ಇತ್ತು.

ಆಗ ಸೂಟು, ಟೈ ಸಾಹೇಬರ ಸ್ವತ್ತು. ಅವರ ಕೈಕೆಳಗಿನ ಗುಮಾಸ್ತರು ಧೋತರ ಉಟ್ಟು, ಮೇಲೊಂದು ಉದ್ದ ಕೋಟು ಹಾಕಿ, ತಲೆಗೆ ಪಗಡಿ ಇಲ್ಲವೇ ಟೋಪಿ ಇಟ್ಟು ಬರುತ್ತಿದ್ದರು. ಬರಿತಲೆಯಲ್ಲಿ ದೊಡ್ಡವರ ಮುಂದೆ ನಿಲ್ಲುವುದು ಮರ್ಯಾದೆಯಲ್ಲ. 1921ರ ಜುಲೈ 31ರಂದು ಪರೇಲಿನ ಎಲ್ಫಿನ್‌ಸ್ಟನ್ ಮಿಲ್ಲಿನ ಆವರಣದಲ್ಲಿ ಗಾಂಧೀಜಿ ವಿದೇಶಿ ಬಟ್ಟೆಗೆ ಬೆಂಕಿ ಇಟ್ಟರು. ಅಲ್ಲಿಂದ ಮುಂದೆ ಆಫೀಸಿಗೆ ಯಾವ ಟೋಪಿ ಹಾಕಿಕೊಂಡು ಹೋಗುತ್ತೀರಿ ಅನ್ನುವುದೂ ರಾಜಕೀಯವಾಯಿತು. ಗಾಂಧಿ ಟೋಪಿ ಎನಿಸಿಕೊಂಡ ಬಿಳಿ ಟೋಪಿ ಈಗ ಮುಂಬಯಿಯಲ್ಲಿ ಕೆಲಸದ ಉಡುಪಾಗಿ ಉಳಿದಿರುವುದು ಮುಖ್ಯವಾಗಿ ಆಫೀಸಿಗೆ ಊಟದ ಡಬ್ಬಿ ತಲುಪಿಸುವ ಡಬ್ಬಾವಾಲಾಗಳ ತಲೆಯ ಮೇಲೆ.

ಇನ್ನು ನಮ್ಮವರ ವಿಷಯ. ಉಡುಪಿ, ಮಂಗಳೂರು ಕಡೆಯಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲಲ್ಲಿ ಬನಿಯನ್ ಚಡ್ಡಿಯಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದರು. ಮೆಟ್ರಿಕ್ ಮುಗಿಸಿ, ಟೈಪಿಂಗ್ ಕಲಿತು ಗುಮಾಸ್ತರಾದವರು ಎಷ್ಟೋ ಜನ. ಅಂಥವರಿಗೆ ಮೊದಲ ಖರ್ಚು ಎಂದರೆ ಒಂದು ಪ್ಯಾಂಟು, ಎರಡು ಶರ್ಟು. ರೇಮಂಡ್ ತನ್ನ ಮೊದಲ ಸ್ವಂತ ಅಂಗಡಿಯನ್ನು 1958ರಲ್ಲಿ ಬಲ್ಲಾರ್ಡ್ ಎಸ್ಟೇಟಿನಲ್ಲಿ ತೆರೆದಿತ್ತು. ಆದರೆ ಆ ಉಣ್ಣೆಯ ಸೂಟಿಂಗ್ ಇವರ ಕೈಗೆಲ್ಲಿ ಎಟುಕಬೇಕು? ಇವರನ್ನು ಕಾಪಾಡಿದ್ದು ಹತ್ತಿಗೆ ಪಾಲಿಯೆಸ್ಟರ್ ಬೆರೆಸಿ ನೇಯ್ದ ಟೆರಿಕಾಟ್.

ಈ ಬಟ್ಟೆ ಗೆದ್ದದ್ದಕ್ಕೆ ಫ್ಯಾಷನ್‌ಗಿಂತ ಖೋಲಿಯೇ ದೊಡ್ಡ ಕಾರಣ ಅಂತ ನನಗನಿಸುತ್ತದೆ. ಏಳೆಂಟು ಜನ ಮಲಗುವ ಖೋಲಿ, ಬಟ್ಟೆ ಹರವಲು ಒಂದೇ ಹಗ್ಗ. ಮಳೆಗಾಲದಲ್ಲಿ ಹತ್ತಿ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಒಣಗಿದರೂ ಗಂಜಿ, ಇಸ್ತ್ರಿ ಬೇಕು. ಟೆರಿಕಾಟ್ ಶರ್ಟನ್ನು ರಾತ್ರಿ ಒಗೆದು ಹಾಕಿದರೆ ಬೆಳಿಗ್ಗೆ ಹಾಕಿಕೊಳ್ಳಬಹುದು. ದೂರದ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಹಿಂಡಿ ಹಿಪ್ಪೆಯಾಗಿ ಬಂದರೂ ಪ್ಯಾಂಟಿನ ಗೆರೆ ಹಾಗೇ ನಿಂತಿರುತ್ತದೆ. ಬೆಲೆ ಜಾಸ್ತಿ, ಆದರೆ ವರ್ಷಗಟ್ಟಲೆ ಬಾಳಿಕೆ. ಸೆಕೆ ಮಾತ್ರ ಕೇಳಬೇಡಿ, ಬೆವರು ಒಳಗೇ ಕುದಿಯುತ್ತಿತ್ತು. ಕಾಲರ್ ಕೊಳೆಯಾಗದಿರಲಿ ಎಂದು ಕುತ್ತಿಗೆಗೂ ಕಾಲರಿಗೂ ನಡುವೆ ಕರ್ಚೀಫ್ ಮಡಚಿ ಇಡುವ ಅಭ್ಯಾಸ ಇವತ್ತಿಗೂ ಲೋಕಲ್‌ನಲ್ಲಿ ಕಾಣುತ್ತದೆ.

ಆ ಕಾಲದ ಗುಮಾಸ್ತರಲ್ಲಿ ಟೈ ಕಟ್ಟುವವರು ಕಡಿಮೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಸಫಾರಿ ಸೂಟ್ ಬಂದ ಮೇಲಂತೂ ಎಷ್ಟೋ ಅಧಿಕಾರಿಗಳೂ ಟೈ ಬಿಟ್ಟರು. ಅರ್ಧ ತೋಳು, ನಾಲ್ಕು ಜೇಬು, ಪ್ಯಾಂಟಿನದೇ ಬಟ್ಟೆ. ನೋಡಲು ಚೆಂದ ಅಂತ ನಾನು ಹೇಳಲಾರೆ, ಆದರೆ ಈ ಊರಿನ ಹವೆಗೆ ಕೋಟು ಟೈಗಿಂತ ಎಷ್ಟೋ ವಾಸಿ.

ಟೈ ವಾಪಸ್ ಬಂದದ್ದು 1991ರ ಆರ್ಥಿಕ ಉದಾರೀಕರಣದ ನಂತರ. ಎಚ್‌ಡಿಎಫ್‌ಸಿ, ಐಸಿಐಸಿಐಯಂಥ ಹೊಸ ಖಾಸಗಿ ಬ್ಯಾಂಕುಗಳು ಶುರುವಾದವು. ‘ನಾವು ಹಳೇ ಸರಕಾರಿ ಬ್ಯಾಂಕಿನ ಹಾಗಲ್ಲ’ ಅಂತ ಗಿರಾಕಿಗೆ ಕಣ್ಣಿಗೆ ಕಾಣುವಂತೆ ಹೇಳಬೇಕಿತ್ತು. ಅದನ್ನು ಹೇಳುವ ಕೆಲಸ ಕೌಂಟರಿನ ಹುಡುಗರ ಕುತ್ತಿಗೆಗೆ ಬಿತ್ತು. ಸೇಲ್ಸಿನವರಿಗೆ ಟೈ, ಹೋಟೆಲಿನ ಕ್ಯಾಪ್ಟನ್‌ಗೆ ಟೈ, ಕೊನೆಗೆ ಕಾವಲಿನವನಿಗೂ ಗಂಟು ಮೊದಲೇ ಹಾಕಿಟ್ಟ ರೆಡಿಮೇಡ್ ಟೈ. ಎಲ್ಲರ ಕೊರಳಿಗೂ ಬಂದದ್ದು ದೊಡ್ಡವರಿಗೆ ಯಾಕೆ ಬೇಕು? ಅಮೆರಿಕದಲ್ಲಿ ಲೀವೈಸ್ ಕಂಪನಿ 1992ರಲ್ಲೇ ಆಫೀಸಿಗೆ ಕ್ಯಾಶುಯಲ್ ಬಟ್ಟೆ ಹೇಗೆ ಹಾಕಬೇಕೆಂಬ ಕೈಪಿಡಿ ಮಾಡಿ ಕಂಪನಿಗಳ ಎಚ್‌ಆರ್‌ನವರಿಗೆ ಹಂಚಿತ್ತು. ಖಾಕಿ ಪ್ಯಾಂಟ್ ಮಾರುವ ಉಪಾಯ ಅದು. ಶುಕ್ರವಾರ ಒಂದು ದಿನ ಕ್ಯಾಶುಯಲ್ ಹಾಕಬಹುದೆಂಬ ಸಡಿಲಿಕೆ ನಮ್ಮ ಐಟಿ ಆಫೀಸುಗಳಿಗೂ ಬಂತು. 1981ರಲ್ಲಿ ಪುಣೆಯಲ್ಲಿ ಹುಟ್ಟಿ, ಆಮೇಲೆ ಬೆಂಗಳೂರಿಗೆ ಬಂದ ಇನ್ಫೋಸಿಸ್ 2015ರಲ್ಲಿ ವಾರವಿಡೀ ಕ್ಯಾಶುಯಲ್‌ಗೆ ಒಪ್ಪಿತು.

ವಕೀಲರಿಗೆ ಮಾತ್ರ ಬಿಡುಗಡೆ ಇಲ್ಲ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಬೇಸಿಗೆಯಲ್ಲಿ ಕರಿ ಕೋಟಿನ ವಿನಾಯಿತಿ ಕೆಳಗಿನ ಕೋರ್ಟುಗಳಿಗಷ್ಟೇ. ಬೇಸಿಗೆಯ ಬೆವರಿನಲ್ಲೂ ಬಾಂಬೆ ಹೈಕೋರ್ಟಿಗೆ ಕೋಟು, ಅದರ ಮೇಲೆ ಗೌನು.

ಹೆಂಗಸರ ಕಥೆ ಬೇರೆ. ಬಹಳ ಕಾಲ ಅವರಿಗೆ ಸೀರೆ ಒಂದೇ. ಮನೆಗೂ ಅದೇ, ಆಫೀಸಿಗೂ ಅದೇ. ನೆರಿಗೆ ಹಿಡಿದುಕೊಂಡು ಲೋಕಲ್ ಹತ್ತುವವರಿಗೆ ಚೂಡಿದಾರ್ ಎಷ್ಟು ಹಗುರ ಅನ್ನುವುದು ಮ್ಯಾನೇಜರ್‌ಗಳಿಗೆ ಅರ್ಥವಾಗಲು ತಡವಾಯಿತು. 2020ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸರಕಾರ ತನ್ನ ನೌಕರರಿಗೆ ಒಂದು ಸುತ್ತೋಲೆ ಹೊರಡಿಸಿತು. ಜೀನ್ಸ್, ಟೀ ಶರ್ಟ್ ಬೇಡ, ಸ್ಲಿಪ್ಪರ್ ಬೇಡ, ಶುಕ್ರವಾರವಾದರೂ ಖಾದಿ ಹಾಕಿ. ಗಂಡಸರಿಗೆ ಶರ್ಟು, ಪ್ಯಾಂಟು ಅಂದರೆ ಮುಗಿಯಿತು. ಹೆಂಗಸರಿಗೆ ಸೀರೆ, ಸಲ್ವಾರ್, ಚೂಡಿದಾರ್ ಕುರ್ತಾ, ಪ್ಯಾಂಟಿನ ಮೇಲೆ ಕುರ್ತಾ ಅಥವಾ ಶರ್ಟು, ಬೇಕಿದ್ದರೆ ದುಪಟ್ಟಾ ಅಂತ ಉದ್ದದ ಪಟ್ಟಿ. ಹೆಣ್ಣಿನ ಬಟ್ಟೆ ಅಂದಕೂಡಲೇ ಎಲ್ಲರಿಗೂ ಮಾತು ಜಾಸ್ತಿ, ಅಲ್ವಾ? ಸ್ಲಿಪ್ಪರ್ ಬೇಡ ಅಂದವರು ಜುಲೈ ತಿಂಗಳ ಕುರ್ಲಾ ಸ್ಟೇಷನ್ ನೆನಪಿಸಿಕೊಂಡಿದ್ದರೋ ಇಲ್ಲವೋ. ಎಷ್ಟೋ ಹೆಣ್ಣುಮಕ್ಕಳು ಮಳೆಗಾಲದಲ್ಲಿ ರಬ್ಬರ್ ಚಪ್ಪಲಿಯಲ್ಲಿ ಬಂದು, ಡ್ರಾಯರಿನಲ್ಲಿಟ್ಟ ಒಳ್ಳೆ ಜೋಡು ಹಾಕಿಕೊಳ್ಳುತ್ತಾರೆ. ಅದು ಯಾವ ಸುತ್ತೋಲೆಯೂ ಕಲಿಸಿದ್ದಲ್ಲ.

ಆ ಸುತ್ತೋಲೆ ಬರುವ ಹೊತ್ತಿಗೆ ಐಟಿಯವರು ಕೊರೊನಾದಿಂದ ಮನೆಯಲ್ಲೇ ಇದ್ದರು. ಕ್ಯಾಮೆರಾಗೆ ಕಾಣುವಷ್ಟು ಶರ್ಟು, ಕಾಣದಲ್ಲಿ ಲುಂಗಿ. ಎಲ್ಲರನ್ನೂ ಆಫೀಸಿಗೆ ಕರೆಸಿಕೊಳ್ಳುತ್ತಿದ್ದ ಟಿಸಿಎಸ್, 2023ರ ಅಕ್ಟೋಬರಿನಲ್ಲಿ ಉಡುಪಿನ ನಿಯಮವನ್ನು ಮತ್ತೆ ನೆನಪಿಸಿತು. ನಿಯಮ ಪಾಲಿಸಲು ಯಾರ ತಕರಾರೂ ಇರಲಿಲ್ಲವೇನೋ, ಆದರೆ ಮೂರು ವರ್ಷ ಮಡಚಿಟ್ಟ ಪ್ಯಾಂಟು ಸೊಂಟಕ್ಕೆ ಹತ್ತಬೇಕಲ್ಲ.