ಹಳ್ಳಿಯವರ ಪಾಸ್‌ಪೋರ್ಟ್: ಕಚೇರಿ ಹತ್ತಿರ ಬಂದರೂ ಉಳಿದ ತೊಡಕು

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಅಂತರ್ಯುದ್ಧ ಭುಗಿಲೆದ್ದು, ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಹೆಸರಿನಲ್ಲಿ ಅಲ್ಲಿದ್ದ ನಮ್ಮವರನ್ನು ಕರೆತರಲು ಮುಂದಾದಾಗ, ಸಿಕ್ಕಿಬಿದ್ದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದಾರೆಂಬುದು ರಾಜ್ಯದ ಅನೇಕರಿಗೆ ಹೊಸ ಸಂಗತಿಯಾಗಿತ್ತು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಂಥ ಊರುಗಳಿಂದ, ಶಿವಮೊಗ್ಗ ಮತ್ತು ದಾವಣಗೆರೆ ಜಿಲ್ಲೆಗಳ ಹಾಡಿ, ಕ್ಯಾಂಪುಗಳಿಂದ ಈ ಸಮುದಾಯದವರು ಗಿಡಮೂಲಿಕೆ ಔಷಧ, ತಲೆಗೂದಲ ಎಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗುತ್ತ ಬಂದಿದ್ದಾರೆ. ಭಟ್ಕಳ, ಉಡುಪಿ, ದಕ್ಷಿಣ ಕನ್ನಡದ ಊರುಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರ ಕಥೆ ಇದಕ್ಕಿಂತ ಹಳೆಯದು. ಪಾಸ್‌ಪೋರ್ಟ್ ಎಂದರೆ ಪೇಟೆಯ ಉಳ್ಳವರ ವಸ್ತು ಎಂಬ ಗ್ರಹಿಕೆ ಎಷ್ಟು ತಪ್ಪು ಎಂಬುದಕ್ಕೆ ಇಷ್ಟು ಸಾಕು. ಹಳ್ಳಿಯ ಅನೇಕ ಕುಟುಂಬಗಳಿಗೆ ಅದು ಅನ್ನದ ದಾರಿ. ಹಾಗಿದ್ದೂ ಅದನ್ನು ಪಡೆಯುವ ವ್ಯವಸ್ಥೆಯನ್ನು ರೂಪಿಸಿದವರ ಕಣ್ಣಿಗೆ ಹಳ್ಳಿ ಬಿದ್ದದ್ದು ಬಹಳ ತಡವಾಗಿ.

ಮೊದಲ ಮಹಾಯುದ್ಧಕ್ಕೆ ಮುಂಚೆ ಭಾರತದಿಂದ ಹೊರಗೆ ಹೋಗುವವರು ಪಾಸ್‌ಪೋರ್ಟ್ ಹೊಂದಿರಲೇಬೇಕು ಎಂಬ ಕಟ್ಟಳೆ ಇರಲಿಲ್ಲ. ಯುದ್ಧಕಾಲದ ಭದ್ರತಾ ನಿಯಮಗಳು ಅದನ್ನು ಕಡ್ಡಾಯ ಮಾಡಿದವು. ಯುದ್ಧ ಮುಗಿದ ಮೇಲೂ ಆ ಪದ್ಧತಿ ಹೋಗಲಿಲ್ಲ, 1920ರ ಕಾಯ್ದೆಯಾಗಿ ನೆಲೆಯೂರಿತು. ಸ್ವಾತಂತ್ರ್ಯಾನಂತರ, 1954ರಲ್ಲಿ, ಮುಂಬಯಿ, ಕಲ್ಕತ್ತ, ದೆಹಲಿ, ಮದರಾಸು ಮತ್ತು ನಾಗಪುರಗಳಲ್ಲಿ ಐದು ಪ್ರಾದೇಶಿಕ ಕಚೇರಿಗಳು ತೆರೆದವು. ಆದರೆ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದು ಸರ್ಕಾರದ ಮರ್ಜಿಗೇ ಬಿಟ್ಟ ವಿಷಯವಾಗಿತ್ತು. ಅದನ್ನು ಬದಲಿಸಿದ್ದು ಸುಪ್ರೀಂ ಕೋರ್ಟ್. ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ 1967ರ ಏಪ್ರಿಲ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಮೂರು–ಎರಡರ ಬಹುಮತದಿಂದ, ವಿದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲೇ ಅಡಕವಾಗಿದೆ, ಕಾನೂನಿನ ಆಧಾರವಿಲ್ಲದೆ ಪಾಸ್‌ಪೋರ್ಟ್ ನಿರಾಕರಿಸುವಂತಿಲ್ಲ ಎಂದಿತು. ಅದೇ ವರ್ಷದ ಜೂನ್ 24ರಂದು ಪಾಸ್‌ಪೋರ್ಟ್ ಕಾಯ್ದೆ ಜಾರಿಗೆ ಬಂತು. 1978ರ ಮೇನಕಾ ಗಾಂಧಿ ತೀರ್ಪು ಈ ಹಕ್ಕನ್ನು ಇನ್ನಷ್ಟು ಗಟ್ಟಿಮಾಡಿತು.

ಹಕ್ಕು ಕಾಗದದ ಮೇಲೆ ಬಂತು. ಕಚೇರಿ ಮಾತ್ರ ದೂರದಲ್ಲೇ ಉಳಿಯಿತು. ಇಡೀ ಕರ್ನಾಟಕಕ್ಕೆ ಬೆಂಗಳೂರಿನ ಒಂದೇ ಪ್ರಾದೇಶಿಕ ಕಚೇರಿ. ಬೀದರ್‌ನಿಂದ ಅಲ್ಲಿಗೆ ಸುಮಾರು 700 ಕಿಲೋಮೀಟರ್. ರಾತ್ರಿ ಬಸ್ಸಿನಲ್ಲಿ ಬಂದು, ಬೆಳಗಿನ ಸಾಲಿನಲ್ಲಿ ನಿಂತು, ‘ಒಂದು ಜೆರಾಕ್ಸ್ ಕಮ್ಮಿ ಇದೆ’ ಎಂಬ ಕಾರಣಕ್ಕೆ ಹಿಂದಿರುಗುವ ಕೂಲಿಕಾರನ ನಷ್ಟ ಬಸ್ ಚಾರ್ಜಿಗೆ ಮುಗಿಯುವುದಿಲ್ಲ, ಕೆಲಸದ ದಿನಗಳೂ ಹೋಗುತ್ತವೆ. ಜಿಲ್ಲಾ ಪಾಸ್‌ಪೋರ್ಟ್ ಕೋಶಗಳಲ್ಲಿ ಅರ್ಜಿ ಸ್ವೀಕರಿಸುವ ಏರ್ಪಾಟು ಬಂದರೂ ಅಲ್ಲಿಂದ ಅರ್ಜಿ ಬೆಂಗಳೂರಿಗೇ ಹೋಗಬೇಕಿತ್ತು. ಅದು ಎಲ್ಲಿಗೆ ತಲುಪಿದೆ ಎಂದು ತಿಳಿಯುವ ದಾರಿ ಹಳ್ಳಿಯವನಿಗಿರಲಿಲ್ಲ, ಏಜೆಂಟನಿಗಿತ್ತು. ಏಜೆಂಟರು ಬೆಳೆದದ್ದು ಜನರ ದಡ್ಡತನದಿಂದಲ್ಲ, ಈ ದೂರದಿಂದ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು.

ಗಣಕೀಕೃತ ‘ಪಾಸ್‌ಪೋರ್ಟ್ ಸೇವಾ’ ಯೋಜನೆಯನ್ನು ಖಾಸಗಿ ಕಂಪನಿಯಾದ ಟಿಸಿಎಸ್ ಸಹಭಾಗಿತ್ವದಲ್ಲಿ ಕೈಗೆತ್ತಿಕೊಂಡಾಗ, 2010ರಲ್ಲಿ ಅದರ ಪ್ರಾಯೋಗಿಕ ಹಂತ ಆರಂಭವಾದದ್ದು ಕರ್ನಾಟಕ ಮತ್ತು ಪಂಜಾಬ್ ಭಾಗಗಳಲ್ಲಿ. ಬೆಂಗಳೂರಿನ ಜೊತೆಗೆ ಹುಬ್ಬಳ್ಳಿ ಮತ್ತು ಮಂಗಳೂರಿಗೆ ಕೇಂದ್ರಗಳು ಬಂದವು; 2012ರ ಹೊತ್ತಿಗೆ ದೇಶದಾದ್ಯಂತ 77 ಕೇಂದ್ರಗಳಾದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸಾಮಾನ್ಯ ಪಾಸ್‌ಪೋರ್ಟಿನ ಶುಲ್ಕ 1,000 ರೂಪಾಯಿಯಿಂದ 1,500ಕ್ಕೆ ಏರಿತು. ಅರ್ಜಿ ತುಂಬುವುದು, ದಿನ ಗೊತ್ತುಮಾಡುವುದು ಎಲ್ಲವೂ ಆನ್‌ಲೈನ್ ಆದಾಗ ಏಜೆಂಟನ ಜಾಗಕ್ಕೆ ತಾಲ್ಲೂಕು ಕೇಂದ್ರದ ಸೈಬರ್ ಸೆಂಟರ್ ಬಂತು. ಖರ್ಚು ತಗ್ಗಿತು, ಪಾರದರ್ಶಕತೆ ಹೆಚ್ಚಿತು, ನಿಜ. ಆದರೆ ಅರ್ಜಿದಾರನ ಹೆಸರು, ಹುಟ್ಟಿದ ದಿನ, ತಂದೆತಾಯಿಯ ಹೆಸರುಗಳನ್ನು ಬೇರೊಬ್ಬರು ಇಂಗ್ಲಿಷಿನಲ್ಲಿ ಟೈಪು ಮಾಡುವ ಪದ್ಧತಿಯೂ ಆಗಲೇ ಬೇರೂರಿತು. ಅಲ್ಲಿ ಆಗುವ ಒಂದಕ್ಷರದ ತಪ್ಪನ್ನು ಮುಂದೆ ತಿದ್ದಿಸಬೇಕಾದವನು ಅರ್ಜಿದಾರನೇ.

ಹಳ್ಳಿಯ ದೃಷ್ಟಿಯಿಂದ ದೊಡ್ಡ ತಿರುವು 2017ರ ಜನವರಿ 25. ಅಂದು ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಶುರುವಾದವು. ಪಾಸ್‌ಪೋರ್ಟಿಗಾಗಿ ಯಾರೂ 50 ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗುವಂತಾಗಬಾರದು ಎಂಬುದು ಆಗ ವಿದೇಶಾಂಗ ಸಚಿವರಾಗಿದ್ದ ಸುಷ್ಮಾ ಸ್ವರಾಜ್ ಅವರು ಇಟ್ಟುಕೊಂಡಿದ್ದ ಗುರಿ. ದಾವಣಗೆರೆ, ಹಾಸನ, ಶಿವಮೊಗ್ಗ, ಬೆಳಗಾವಿ, ಉಡುಪಿ ಮುಂತಾದ ಕಡೆಗಳಲ್ಲೂ ಕೇಂದ್ರಗಳು ತೆರೆದವು. ಅಂಚೆ ಕಚೇರಿಯ ಒಂದೆರಡು ಕೌಂಟರುಗಳಲ್ಲಿ ಫೋಟೊ ಮತ್ತು ಬೆರಳಚ್ಚು ತೆಗೆದು, ಮೂಲ ದಾಖಲೆಗಳನ್ನು ಪರಿಶೀಲಿಸಿ ಕಳುಹಿಸುತ್ತಾರೆ. ಮಂಜೂರು ಮಾಡುವ ಅಧಿಕಾರ ಈಗಲೂ ಪ್ರಾದೇಶಿಕ ಕಚೇರಿಯದೇ. ಅಂಚೆಯಣ್ಣನ ಪರಿಚಯವಿರುವ, ಉಳಿತಾಯ ಖಾತೆ ಇಟ್ಟಿರುವ ಕಟ್ಟಡಕ್ಕೆ ಈ ಸೇವೆ ಬಂದದ್ದು ಹಳ್ಳಿಯ ಹಿರಿಯರಿಗೆ ಕೊಟ್ಟ ಧೈರ್ಯ ಸಣ್ಣದಲ್ಲ.

ದೂರ ತಗ್ಗಿದ ಮೇಲೆ ಮೊದಲಿನಿಂದಲೂ ಇದ್ದ ಇನ್ನೊಂದು ತೊಡಕು ಎದ್ದು ಕಾಣತೊಡಗಿತು: ಹುಟ್ಟಿದ ದಿನ. ಸೂಲಗಿತ್ತಿಯ ಕೈಯಲ್ಲಿ ಮನೆಯಲ್ಲೇ ಹುಟ್ಟಿದ ಮಕ್ಕಳ ಜನನವನ್ನು ಗ್ರಾಮ ಲೆಕ್ಕಿಗರ ಬಳಿ ನೋಂದಾಯಿಸುವ ರೂಢಿ ಬಹಳ ಊರುಗಳಲ್ಲಿ ಇರಲೇ ಇಲ್ಲ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು, ವಯಸ್ಸು ಲೆಕ್ಕಕ್ಕೆ ಹೊಂದಲೆಂದು, ಜೂನ್ 1 ಎಂದು ಬರೆದುಬಿಡುತ್ತಿದ್ದರು. ಒಂದೇ ತರಗತಿಯ ಹಲವು ಮಕ್ಕಳು ದಾಖಲಾತಿ ಪುಸ್ತಕದಲ್ಲಿ ಒಂದೇ ದಿನ ಹುಟ್ಟಿದವರಾದರು. ತಾಯಿಗೆ ನೆನಪಿರುವುದು ಹಬ್ಬದ ಆಸುಪಾಸು, ಮಳೆ ನಕ್ಷತ್ರ. ಟಿಸಿಯಲ್ಲಿರುವುದು ಜೂನ್ 1. ಆಧಾರ್ ಮಾಡಿಸುವಾಗ ಹೇಳಿದ್ದು ಅಂದಾಜಿನ ಇಸವಿ, ಹಾಗಾಗಿ ಅದರಲ್ಲಿ ಜನವರಿ 1.

ಇಂಥವರ ಮುಂದೆ, 1989ರ ಜನವರಿ 26ರಂದು ಮತ್ತು ಅದರ ನಂತರ ಹುಟ್ಟಿದವರು ಜನನ ಪ್ರಮಾಣಪತ್ರವನ್ನೇ ತರಬೇಕು ಎಂಬ ನಿಯಮ ಬಹುಕಾಲ ನಿಂತಿತ್ತು. ಇಲ್ಲದವರು ತಡವಾದ ನೋಂದಣಿಗಾಗಿ ತಾಲ್ಲೂಕಿನ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿ, ಜನನ ದಾಖಲಾಗಿಲ್ಲ ಎಂಬ ಪತ್ರ ತಂದು, ಸಾಕ್ಷಿ ಹೇಳಿಸಿ, ಆದೇಶಕ್ಕೆ ಕಾಯಬೇಕಿತ್ತು. ಜನನವನ್ನು ದಾಖಲಿಸಿಕೊಳ್ಳಲಾಗದೆ ಹೋದ ಆಡಳಿತವೇ, ಆ ಕೊರತೆಯ ಭಾರವನ್ನು ಇಪ್ಪತ್ತು ವರ್ಷಗಳ ಬಳಿಕ ಆ ಮಗುವಿನ ಮೇಲೆ ಹೊರಿಸಿದ್ದು ಅನ್ಯಾಯ ಎಂದೇ ನಾನು ತಿಳಿದಿದ್ದೇನೆ. 2016ರ ಡಿಸೆಂಬರ್‌ನಲ್ಲಿ ಕೇಂದ್ರ ಈ ನಿಯಮ ಸಡಿಲಿಸಿತು. ಶಾಲೆಯ ಟಿಸಿ, ಆಧಾರ್, ಪ್ಯಾನ್, ಚಾಲನಾ ಪರವಾನಗಿ, ಮತದಾರರ ಗುರುತಿನ ಚೀಟಿ, ಎಲ್‌ಐಸಿ ಪಾಲಿಸಿ ಬಾಂಡ್‌ಗಳಲ್ಲಿ ಯಾವುದಾದರೊಂದು ಹುಟ್ಟಿದ ದಿನಕ್ಕೆ ಪುರಾವೆಯಾಯಿತು. ತಂದೆತಾಯಿ ಇಬ್ಬರ ಬದಲು ಒಬ್ಬರ ಹೆಸರು ಸಾಕಾಯಿತು, ವಿವಾಹ ಪ್ರಮಾಣಪತ್ರ ಬೇಡವಾಯಿತು, ನೋಟರಿ ಪ್ರಮಾಣಪತ್ರಗಳ ಬದಲು ಬಿಳಿ ಹಾಳೆಯ ಸ್ವಯಂಘೋಷಣೆ ಬಂತು. ಗಂಡ ಬಿಟ್ಟುಹೋದ ಹೆಣ್ಣುಮಕ್ಕಳಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಎಂಬುದನ್ನು ವಿವರಿಸಬೇಕಿಲ್ಲ.

ಹೆಸರಿನ ಕಷ್ಟ ಬೇರೆ. ಹಳೆ ಮೈಸೂರು ಭಾಗದಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಇನಿಷಿಯಲ್. ಮನೆತನದ ಹೆಸರು ಬಳಸುವ ರೂಢಿ ಉತ್ತರ ಕರ್ನಾಟಕದಷ್ಟಿಲ್ಲ. ಪಾಸ್‌ಪೋರ್ಟ್ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಟಿಸಿಯಲ್ಲಿ ಎರಡು ಅಕ್ಷರ, ಆಧಾರ್‌ನಲ್ಲಿ ಬರೀ ಹೆಸರು, ಮತದಾರರ ಪಟ್ಟಿಯಲ್ಲಿ ತಂದೆಯ ಪೂರ್ಣ ಹೆಸರು ಇದ್ದರೆ ಕೌಂಟರಿನಲ್ಲಿ ಆಕ್ಷೇಪ ಖಚಿತ. ಉಪನಾಮದ ಜಾಗ ಖಾಲಿ ಬಿಟ್ಟು ಒಂಟಿ ಹೆಸರಿನಲ್ಲಿ ಪಾಸ್‌ಪೋರ್ಟ್ ಪಡೆದವರಿಗೆ, 2022ರ ನವೆಂಬರ್‌ನಲ್ಲಿ ಯುಎಇ ಒಂಟಿ ಹೆಸರಿನ ಸಂದರ್ಶಕರಿಗೆ ಪ್ರವೇಶ ನಿರಾಕರಿಸತೊಡಗಿದಾಗ ಹೊಸ ಸಂಕಟ ಎದುರಾಯಿತು. ಅವಧಿ ಮುಗಿದ ಪಾಸ್‌ಪೋರ್ಟನ್ನು ಹೊಸದು ಮಾಡಿಸಿಕೊಳ್ಳಲು ಬರುವವರೂ ಸಿಕ್ಕಿಬೀಳುವುದು ಇಲ್ಲಿಯೇ: ಹಳೆಯ ಪುಸ್ತಕದಲ್ಲಿ ಒಂದು ಕಾಗುಣಿತ, ಆನಂತರ ಬಂದ ಆಧಾರ್‌ನಲ್ಲಿ ಇನ್ನೊಂದು.

ಎಸ್ಸೆಸ್ಸೆಲ್ಸಿ ಪಾಸಾಗದವರಿಗೆ ಮತ್ತೊಂದು ಮೆಟ್ಟಿಲಿದೆ. 1983ರ ವಲಸೆ ಕಾಯ್ದೆಯಡಿ ಅವರ ಪಾಸ್‌ಪೋರ್ಟಿಗೆ ‘ಇಸಿಆರ್’ (ವಲಸೆಗೆ ಅನುಮತಿ ಅಗತ್ಯ) ಎಂಬ ಗುರುತು ಬೀಳುತ್ತದೆ. ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವಾಗ ವಲಸೆ ರಕ್ಷಣಾಧಿಕಾರಿಯ ಅನುಮತಿ ಬೇಕು. ಉದ್ದೇಶ ಕಾರ್ಮಿಕರ ರಕ್ಷಣೆಯೇ, ಅದು ಬೇಕು ಕೂಡ. ಹತ್ತನೇ ತರಗತಿ ಪಾಸಾದವರು ಅರ್ಜಿಯ ಜೊತೆ ಅಂಕಪಟ್ಟಿ ಕೊಡಲು ಮರೆತು ಈ ಗುರುತು ಬೀಳಿಸಿಕೊಳ್ಳುವುದು ಮಾತ್ರ ತಪ್ಪಿಸಬಹುದಾದ ನಷ್ಟ.

ಪೊಲೀಸ್ ಪರಿಶೀಲನೆಯಲ್ಲಿ ಹಳ್ಳಿಯವರಿಗೆ ತೊಂದರೆಯಾಗುವುದು ಬಹುತೇಕ ಗೈರುಹಾಜರಿಯಿಂದ. ಆಧಾರ್‌ನಲ್ಲಿ ಊರಿನ ವಿಳಾಸ, ಕೆಲಸ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ. ಪೊಲೀಸರು ಮನೆಗೆ ಬಂದಾಗ ಆಸಾಮಿ ಇಲ್ಲ. 2018ರ ಜೂನ್‌ನಿಂದ ದೇಶದ ಯಾವುದೇ ಕೇಂದ್ರದಲ್ಲಿ ಅರ್ಜಿ ಹಾಕಬಹುದಾಗಿದ್ದರೂ, ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲೇ ಪರಿಶೀಲನೆ ನಡೆಯುತ್ತದೆ.

ಈಗ ನಿಯಮ ಮತ್ತೆ ಬಿಗಿಯಾಗಿದೆ. 2023ರ ಅಕ್ಟೋಬರ್ 1ರಂದು ಮತ್ತು ಆನಂತರ ಹುಟ್ಟಿದವರಿಗೆ ಹುಟ್ಟಿದ ದಿನದ ಪುರಾವೆಯಾಗಿ ಜನನ ಪ್ರಮಾಣಪತ್ರ ಮಾತ್ರ ನಡೆಯುತ್ತದೆ ಎಂಬ ತಿದ್ದುಪಡಿ 2025ರ ಫೆಬ್ರುವರಿ ಕೊನೆಯಲ್ಲಿ ಬಂತು. ಅದಕ್ಕೆ ಮುಂಚೆ ಹುಟ್ಟಿದವರಿಗೆ ಹಿಂದಿನ ಸಡಿಲಿಕೆ ಮುಂದುವರಿದಿದೆ. ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿರುವ ಈ ಕಾಲದಲ್ಲಿ ಇದು ಅಸಾಧ್ಯದ ಬೇಡಿಕೆಯಲ್ಲ. ಆದರೆ ಅಲೆಮಾರಿ ಕುಟುಂಬಗಳಲ್ಲಿ, ಕಾಡಂಚಿನ ಹಾಡಿಗಳಲ್ಲಿ, ಕಬ್ಬು ಕಡಿಯಲು ಗುಳೆ ಹೋದಾಗ ದಾರಿಯಲ್ಲಿ ಹುಟ್ಟುವ ಮಕ್ಕಳು ಇನ್ನೂ ಇದ್ದಾರೆ. 21 ದಿನದೊಳಗೆ ಜನನ ನೋಂದಾಯಿಸಿ, ಪ್ರಮಾಣಪತ್ರದಲ್ಲಿ ಮಗುವಿನ ಹೆಸರನ್ನು ಇನಿಷಿಯಲ್ ಬಿಡಿಸಿ ಬರೆಸುವ ಕೆಲಸವನ್ನು ಆಶಾ ಕಾರ್ಯಕರ್ತೆಯರು, ಗ್ರಾಮ ಆಡಳಿತ ಅಧಿಕಾರಿಗಳು ಮತ್ತು ಪಂಚಾಯಿತಿಯವರು ಈಗಲೇ ಮಾಡಿಕೊಡಬೇಕು. ಒಂದು ವರ್ಷ ದಾಟಿದರೆ ಮತ್ತೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕಾಗುತ್ತದೆ. ಆ ಅಧಿಕಾರ 2023ರ ತಿದ್ದುಪಡಿಯಿಂದ ಕೋರ್ಟಿನಿಂದ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಕಡೆಗೆ ಬಂದಿದೆ ಎಂಬುದಷ್ಟೇ ವ್ಯತ್ಯಾಸ.