ಮುಂದಿನ ಶಾಕ್ ಗಟ್ಟಿ ಅನ್ನಿಸುತ್ತಿದೆಯಾ? ಮೊದಲು ಒಂದು ಕೇಬಲ್ ಟೈ ಕಟ್ಟಿ

ನನ್ನ ತೂಕ 52 ಕೆ.ಜಿ. ಎರಡು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡೆ. ಅದರ ಮೊದಲ ಓನರ್ ಒಳ್ಳೆ ಆನೆ ತರ ಇದ್ದರು. ಮನೆ ಹತ್ತಿರದ ಹಂಪನ್ನು ನಿಧಾನಕ್ಕೆ ದಾಟಿದರೆ ಏನೂ ತೊಂದರೆ ಇಲ್ಲ, ಆದರೆ ಸ್ವಲ್ಪ ಜೋರಾಗಿ ಹೋಗುವಾಗ ಸಣ್ಣ ಗುಂಡಿಯ ಅಂಚಿಗೆ ಚಕ್ರ ತಾಗಿದರೂ ಸಾಕು, ಮಣಿಕಟ್ಟಿಗೆ ಸುತ್ತಿಗೆಯಲ್ಲಿ ಬಡಿದ ಹಾಗೆ ಆಗುತ್ತಿತ್ತು. ಮೆಕ್ಯಾನಿಕ್ ಒಬ್ಬರು ಹ್ಯಾಂಡಲ್ ಒತ್ತಿ ನೋಡಿ, "ನಿಮ್ಮ ವೆಯ್ಟ್ ಸಾಲಲ್ಲ ಸರ್, ಸ್ಪ್ರಿಂಗ್ ನಾಲ್ಕು ಸುತ್ತು ಕಟ್ ಮಾಡಿಬಿಡೋಣ" ಅಂದರು. ಪುಣ್ಯಕ್ಕೆ ಬೇಡ ಅಂದೆ.

ಯಾಕೆ ಅಂದರೆ, ಸ್ಪ್ರಿಂಗ್ ಕತ್ತರಿಸಿದರೆ ಅದು ಇನ್ನೂ ಗಟ್ಟಿಯಾಗುತ್ತದೆ. ಸ್ಪ್ರಿಂಗ್ ಅಂದರೆ ಸುರುಳಿ ಸುತ್ತಿದ ಉದ್ದನೆಯ ಕಂಬಿ ಅಷ್ಟೇ. ಒತ್ತಿದಾಗ ಆ ಕಂಬಿ ಉದ್ದಕ್ಕೂ ಚೂರು ಚೂರು ತಿರುಚಿಕೊಳ್ಳುತ್ತದೆ. ಕಂಬಿ ಗಿಡ್ಡವಾದರೆ ತಿರುಚಿಕೊಳ್ಳುವುದಕ್ಕೆ ಉದ್ದ ಕಡಿಮೆ. 40 ಸುತ್ತಿನ ಸ್ಪ್ರಿಂಗನ್ನು 1 ಮಿ.ಮೀ. ಒತ್ತಲು 0.8 ಕೆ.ಜಿ. ಬೇಕಿದ್ದರೆ, 4 ಸುತ್ತು ಹೋದ ಮೇಲೆ ಸುಮಾರು 0.89 ಬೇಕು. ಬೈಕ್ ಮುಂದೆ ತಗ್ಗಿ ಕೂರುವುದರಿಂದ ಮೆತ್ತಗಾಯಿತು ಅನ್ನಿಸುತ್ತದೆ, ಅದು ಬರೀ ಮೋಸ.

ಹಾಗಾದರೆ ಗಟ್ಟಿ ಇರುವುದು ಏನು? ಹತ್ತು ರೂಪಾಯಿ ಖರ್ಚಿಲ್ಲದೆ ನೋಡಬಹುದು. ಫೋರ್ಕಿನ (ಮುಂದಿನ ಚಕ್ರವನ್ನು ಎರಡೂ ಕಡೆ ಹಿಡಿದಿರುವ ಶಾಕ್) ಹೊಳೆಯುವ ಪೈಪಿಗೆ ಒಂದು ಕೇಬಲ್ ಟೈ ಕಟ್ಟಿ, ಕೆಳಗಿನ ರಬ್ಬರ್ ಸೀಲಿಗೆ ತಾಗುವ ತನಕ ಇಳಿಸಿ. ಫೋರ್ಕ್ ಎಷ್ಟು ಒಳಗೆ ಹೋಯಿತೋ ಅಷ್ಟು ದೂರ ಟೈ ಮೇಲಕ್ಕೆ ಸರಿದಿರುತ್ತದೆ. ನನ್ನ ಫೋರ್ಕಿನ ಒಟ್ಟು ಓಟ, ಅಂದರೆ ಅದು ಪೂರ್ತಿ ಒಳಗೆ ಹೋಗಬಲ್ಲ ದೂರ, 130 ಮಿ.ಮೀ. ಚಕ್ರ ನೆಲದಿಂದ ಎತ್ತಿದ್ದಾಗ ಅಳೆದು, ಆಮೇಲೆ ನಾನು ಮೆಲ್ಲಗೆ ಹತ್ತಿ ಕೂತು ತಮ್ಮನ ಕೈಲಿ ಅಳೆಸಿದರೆ ಇಳಿದಿದ್ದು ಬರೀ 19 ಮಿ.ಮೀ. ಇದಕ್ಕೆ ಸ್ಯಾಗ್ ಅನ್ನುತ್ತಾರೆ, ರಸ್ತೆ ಬೈಕಿಗೆ ಓಟದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಬೇಕು. ದಿನವಿಡೀ ಗುಂಡಿ ಹಾರಿಸಿ, ಜೋರಾಗಿ ಬ್ರೇಕ್ ಹಿಡಿದು ಬಂದರೂ ಟೈ 70 ದಾಟಿರಲಿಲ್ಲ. ಇರುವ ಓಟದಲ್ಲಿ ಅರ್ಧ ದಂಡ, ಅಲ್ವಾ?

ಫೋರ್ಕ್ ಬಿಚ್ಚಿಸಿದಾಗ ಪ್ರತಿ ಸ್ಪ್ರಿಂಗಿನ ತಲೆ ಮೇಲೆ 10 ಮಿ.ಮೀ. ದಪ್ಪದಷ್ಟು ವಾಷರ್ ಸಿಕ್ಕವು, ಹಳೆ ಓನರ್ ಹಾಕಿಸಿದ್ದು. ತೆಗೆಸಿದೆ. ಸ್ಯಾಗ್ 29 ಆಯಿತು. 10 ತೆಗೆದರೆ 10 ಇಳಿಯಿತು, ಲೆಕ್ಕ ಸರಿ. (ಇದನ್ನು ಮನೆಯಲ್ಲಿ ಮಾಡುವವರು ಹುಷಾರು. ಒಳಗೆ ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತದೆ, ಚಕ್ರ ಎತ್ತದೆ ಮೇಲಿನ ಕ್ಯಾಪ್ ಬಿಚ್ಚಿದರೆ ಮುಖಕ್ಕೆ ಹಾರುತ್ತದೆ.)

ಆದರೆ ಗುಂಡಿಯ ಏಟು ಹಾಗೇ ಇತ್ತು! ಆ ವಾಷರ್‌ಗಳ ಹಾಗೆ ಸ್ಪ್ರಿಂಗನ್ನು ಮೊದಲೇ ಒತ್ತಿಡುವುದಕ್ಕೆ ಪ್ರಿಲೋಡ್ ಅನ್ನುತ್ತಾರೆ, ಅದರ ವಿಷಯದಲ್ಲಿ ಎಲ್ಲರೂ ಎಡವುವುದು ಇಲ್ಲೇ. ರಾಬರ್ಟ್ ಹುಕ್ 1678ರಲ್ಲೇ ಬರೆದಿಟ್ಟ ನಿಯಮ: ಸ್ಪ್ರಿಂಗ್ ಎಷ್ಟು ಕುಗ್ಗುತ್ತದೋ ಬಲವೂ ಅದೇ ಲೆಕ್ಕದಲ್ಲಿ ಏರುತ್ತದೆ. ಪ್ರಿಲೋಡ್ ಕಡಿಮೆ ಮಾಡಿದರೆ ಬೈಕ್ ಕೂರುವ ಎತ್ತರ ಬದಲಾಗುತ್ತದೆ, ಮುಂದಿನ ಒಂದೊಂದು ಮಿ.ಮೀ.ಗೆ ಬೇಕಾದ ಬಲ ಅಷ್ಟೇ ಇರುತ್ತದೆ.

ಇನ್ನೊಂದು ಲೆಕ್ಕ ನೋಡಿ. ಬೈಕಿನ ಸ್ವಂತ ತೂಕದಿಂದ ಮುಂದಿನ ಸ್ಪ್ರಿಂಗಿನ ಮೇಲೆ 64 ಕೆ.ಜಿ., ಸವಾರನ ತೂಕದಲ್ಲಿ ಶೇ. 40 ಮುಂದೆ ಬೀಳುತ್ತದೆ ಅಂತ ಇಟ್ಟುಕೊಳ್ಳಿ. 80 ಕೆ.ಜಿ.ಯವರು ಕೂತರೆ ಒಟ್ಟು 96, 50 ಕೆ.ಜಿ.ಯವರು ಕೂತರೆ 84. ಸವಾರ 30 ಕೆ.ಜಿ. ಕಮ್ಮಿಯಾದರೂ ಸ್ಪ್ರಿಂಗಿಗೆ ಕಾಣುವ ವ್ಯತ್ಯಾಸ ಎಂಟನೇ ಒಂದು ಭಾಗ. ಮಣಿಕಟ್ಟು ಮುರಿಯುವಷ್ಟು ಏಟಿಗೆ ಇದೊಂದೇ ಕಾರಣ ಆಗಲ್ಲ.

ಕಳ್ಳ ಇದ್ದಿದ್ದು ಎಣ್ಣೆಯಲ್ಲಿ. ಚಕ್ಕುಲಿ ಒರಳು ನೆನಪಿಸಿಕೊಳ್ಳಿ. ಮೆಲ್ಲಗೆ ಒತ್ತಿದರೆ ಹಿಟ್ಟು ತಾನಾಗೇ ಇಳಿಯುತ್ತದೆ, ಒಂದೇ ಸಲ ಜೋರಾಗಿ ಒತ್ತಿದರೆ ಕೈ ನೋವು ಬರುತ್ತದೆ ಹೊರತು ಹಿಟ್ಟು ಕದಲುವುದಿಲ್ಲ. ಫೋರ್ಕಿನೊಳಗೂ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗಬೇಕು. ಅಲ್ಲಿ ವೇಗ ಎರಡು ಪಟ್ಟಾದರೆ ತಡೆ ಹೆಚ್ಚುಕಮ್ಮಿ ನಾಲ್ಕು ಪಟ್ಟು. ಅದಕ್ಕೇ ಹಂಪ್ ಸಲೀಸು, ಗುಂಡಿಯ ಚೂಪು ಅಂಚು ಕಬ್ಬಿಣದ ಹಾಗೆ. ನನ್ನ ಬೈಕಿನಲ್ಲಿ ಹಿಟ್ಟೂ ಗಟ್ಟಿ ಇತ್ತು: ಮ್ಯಾನುಯಲ್‌ನಲ್ಲಿ ಬರೆದಿದ್ದು 10ಡಬ್ಲ್ಯೂ (ಎಣ್ಣೆ ಎಷ್ಟು ದಪ್ಪ ಅನ್ನುವ ನಂಬರ್), ಒಳಗಿಂದ ಬಂದಿದ್ದು ಕಪ್ಪಗೆ, ಬೆಲ್ಲದ ಪಾಕದ ಹಾಗೆ. ಹೊಸದು ಹಾಕಿಸುವಾಗ ಡಬ್ಬಿ ಮೇಲಿನ ಡಬ್ಲ್ಯೂ ಒಂದನ್ನೇ ನಂಬಬೇಡಿ, ಒಂದು ಕಂಪನಿಯ 10 ಇನ್ನೊಂದರ 10ಕ್ಕಿಂತ ದಪ್ಪ ಇರುತ್ತದೆ. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಎಣ್ಣೆಯ ದಪ್ಪ ಅಳೆಯುವ ಮಾನ) ಅಂತ ನೋಡಿ. ಹಾಗಂತ ತೀರಾ ತೆಳು ಎಣ್ಣೆಯೂ ಬೇಡ, ಅದೇ ಎಣ್ಣೆ ತಾನೇ ಫೋರ್ಕ್ ಸ್ಪ್ರಿಂಗಿನ ಹಾಗೆ ಚಿಮ್ಮಿ ವಾಪಸ್ ಬರದಂತೆ ಹಿಡಿಯಬೇಕಾದ್ದು.

ಕೊನೆಗೆ ಒಂದು ಬಿಟ್ಟಿ ರಿಪೇರಿ. ಚಕ್ರ ಹಾಕುವಾಗ ಆ್ಯಕ್ಸಲ್ ಪಕ್ಕದ ಚಿಕ್ಕ ಬೋಲ್ಟ್ ಸಡಿಲ ಇಟ್ಟು, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕೈದು ಸಲ ಒತ್ತಿ, ಆಮೇಲೆ ಬಿಗಿ ಮಾಡಿದೆವು. ಫೋರ್ಕಿನ ಎರಡೂ ಕಾಲು ಒಂದೇ ಸಾಲಿಗೆ ಬಂದು ಕೂತವು. ಸೊಟ್ಟ ಕೂತ ಕಾಲುಗಳು ಸೀಲಿಗೆ ಉಜ್ಜುತ್ತಾ ಸುಮ್ನೆ ಅಂಟಿಕೊಳ್ಳುತ್ತವೆ.

ಈಗ ಟೈ 105ರ ಹತ್ತಿರ ನಿಲ್ಲುತ್ತದೆ. ಕಳೆದ ವಾರ ಮಾತ್ರ ಮತ್ತೆ ಅದೇ ಕೈ ನೋವು ಶುರುವಾಯಿತು. ಎಣ್ಣೆ ಸೋರಿದೆಯಾ ಅಂತ ಅರ್ಧ ಗಂಟೆ ಮಂಡಿಯೂರಿ ಕೂತು ನೋಡಿದೆ, ಏನೂ ಇಲ್ಲ. ಆಮೇಲೆ ಗಾಳಿ ಚೆಕ್ ಮಾಡಿದರೆ, ಸ್ಟಿಕ್ಕರಿನಲ್ಲಿ 29 ಇರುವ ಕಡೆ ಪಂಕ್ಚರ್ ಅಂಗಡಿಯ ಹುಡುಗ "ಇರ್ಲಿ ಬಿಡಣ್ಣ" ಅಂತ 42 ಹೊಡೆದಿದ್ದ.