ಸೆಪ್ಟೆಂಬರ್ 17ಕ್ಕೇ ಎಲ್ಲ ಮುಗಿದಿತ್ತೇ?

ಪ್ರಶ್ನೆ: ರಜಾಕಾರರ (ನಿಜಾಮರ ಪರವಾಗಿದ್ದ ಖಾಸಗಿ ಸಶಸ್ತ್ರ ಪಡೆ) ಹಾವಳಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಗೌಡರು, ಪಾಟೀಲರು ಏನು ಮಾಡಿದರು? ಹೇಗೂ ಮಿಲಿಟರಿ ಬಂದು ಐದು ದಿನದಲ್ಲಿ ಶಾಂತಿ ತಂದಿತಲ್ಲ?

ಉತ್ತರ: ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆಯಿಂದ ವಿಮೋಚನೆಯ ನೆನಪಿಗೆ ಧ್ವಜ ಹಾರಿಸಿದ ಮರುದಿನ ಪ್ರತಿವರ್ಷ ಬರುವ ಪ್ರಶ್ನೆ. ಎರಡನೇ ವಾಕ್ಯದಿಂದಲೇ ಶುರುಮಾಡೋಣ, ಅದು ಹೋಗದೆ ಮೊದಲನೆಯದು ತಿಳಿಯುವುದಿಲ್ಲ.

ಐದು ದಿನದಲ್ಲಿ ಮುಗಿದದ್ದು ಯುದ್ಧ, ಶಾಂತಿ ಬಂದದ್ದಲ್ಲ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ನಿಜಾಮರ ಹೈದರಾಬಾದ್ ಸಂಸ್ಥಾನದ ಒಳಬಂತು, 17ರ ಸಂಜೆ ನಿಜಾಮರು ಕದನವಿರಾಮ ಸಾರಿದರು, ಮರುದಿನ ಅವರ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಚೌಧುರಿಯವರಿಗೆ ಶರಣಾದರು. ಹಳ್ಳಿಗಳಲ್ಲಿ ಹಳೇ ಸರ್ಕಾರದ ಅಂಜಿಕೆ ಹೋಗಿತ್ತು, ಹೊಸದು ಇನ್ನೂ ಅಲ್ಲಿಗೆ ಇಳಿದಿರಲಿಲ್ಲ. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ತಂಡ ವರ್ಷದ ಕೊನೆಗೆ ತಿರುಗಾಡಿ, ಪೊಲೀಸ್ ಆಕ್ಷನ್ ಎಂದು ಕರೆಯುವ ಈ ಸೇನಾ ಕಾರ್ಯಾಚರಣೆ ವೇಳೆ ಮತ್ತು ಆಮೇಲೆ ಸಂಸ್ಥಾನದಲ್ಲಿ ಕನಿಷ್ಠ 27,000ದಿಂದ 40,000 ಜನ ಸತ್ತರೆಂದು ಅಂದಾಜಿಸಿತು. ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ನಾಂದೇಡ, ಬೀದರ, ಗುಲಬರ್ಗಾ. ಯಾದಗಿರಿ ಆಗ ಗುಲಬರ್ಗಾದಲ್ಲೇ ಇತ್ತು.

‘ಹಾಗಾದರೆ ರಜಾಕಾರರು ಒಳ್ಳೆಯವರೇ?’ ಎಂದು ಪತ್ರ ಬರೆಯಬೇಡಿ. ಅದೇ ವರ್ಷದ ಮೇ ತಿಂಗಳಲ್ಲಿ ಗೋರಟಾದಲ್ಲಿ ಅವರು ನಡೆಸಿದ ಕಗ್ಗೊಲೆಯನ್ನು ಬೀದರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಲಾಗದು, ಅಷ್ಟೇ.

ಇನ್ನು ಮುಖಂಡರು. ಊರಿಗೆ ಮೂವರು ವತನದಾರರು, ಅಂದರೆ ವಂಶಪಾರಂಪರ್ಯವಾಗಿ ಊರ ಹುದ್ದೆ ನಡೆಸುವವರು: ಕಂದಾಯಕ್ಕೆ ಮಾಲಿ ಪಾಟೀಲ, ಅಪರಾಧ–ಕಾವಲಿಗೆ ಪೊಲೀಸ್ ಪಾಟೀಲ, ಲೆಕ್ಕಕ್ಕೆ ಪಟವಾರಿ. ರಜಾಕಾರರು ಊರೂರಿಗೆ ತಿಂಗಳ ಹಣ ಗೊತ್ತುಮಾಡಿದ್ದರು. ಕೊಟ್ಟಲ್ಲಿ ಸಾಮಾನ್ಯವಾಗಿ ತಂಟೆಯಿಲ್ಲ, ಎದುರು ನಿಂತಲ್ಲಿ ಲೂಟಿ. ಇದೂ ಸುಂದರಲಾಲ್ ತಂಡದ ವರದಿಯಲ್ಲೇ ಇದೆ. ಕೊಡುವುದೋ, ಎದುರು ನಿಲ್ಲುವುದೋ, ಹೆಂಗಸರು–ಮಕ್ಕಳನ್ನು ಗಡಿ ದಾಟಿಸುವುದೋ? ಇಂಥ ತೀರ್ಮಾನ ಹಿರಿಯರ ತಲೆಗೇ ಬರುವುದು. ಹಣ ಕಟ್ಟಿದ ಗೌಡರನ್ನೆಲ್ಲ ದ್ರೋಹಿಗಳೆನ್ನುವವರು ಇದನ್ನು ಮರೆಯುತ್ತಾರೆ. ಇನ್ನು ನೆರೆಯವರನ್ನು ಕಾಯಲು ಪಾಟೀಲಕಿಯೇ ಬೇಕೆಂದೇನೂ ಇರಲಿಲ್ಲ. ಮುಸ್ಲಿಂ ನೇಕಾರರನ್ನು ಉಳಿಸಲು ಹಿಂದೂ ನೇಕಾರರು ಜೀವ ಕೊಟ್ಟದ್ದನ್ನೂ ತಂಡ ದಾಖಲಿಸಿದೆ.

ಈ ಪಾಟೀಲಕಿ ಯಾವಾಗ ಹೋಯಿತೆಂದು ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಜಾಗೀರುಗಳು 1949ರಲ್ಲೇ ರದ್ದಾದವು. ಊರ ಹುದ್ದೆಗಳು ಮಾತ್ರ ಏಕೀಕರಣವನ್ನೂ ದಾಟಿ ಉಳಿದು, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಯಾದಾಗ ಹೋದವು. ಹುದ್ದೆಗೆ ಅಂಟಿದ್ದ ವತನದ ಜಮೀನು ಮೊದಲು ಸರ್ಕಾರಕ್ಕೆ ಸೇರಿ, ಆಮೇಲೆ ಅರ್ಹರಿಗೆ ಮರುಮಂಜೂರಾಗಬೇಕಿತ್ತು. ಆದೇಶದ ಪ್ರತಿ ಇಲ್ಲದೆ ಬರೀ ‘ತಾತನ ಕಾಲದ ವತನ’ ಎಂದರೆ ತಹಶೀಲ್ದಾರ್ ಕಚೇರಿಯಲ್ಲಿ ಕೆಲಸ ಆಗುವುದಿಲ್ಲ.